ನಕ್ಷೆಗೆ ನಿಮ್ಮ ಮನೆಯ ಗೋಡೆ ಕಾಣುವುದಿಲ್ಲ

ಅಮೆರಿಕದಲ್ಲಿ ಮನೆ ಕೊಳ್ಳಬೇಕು ಅನ್ನುವವರು ಮೊದಲು ತೆರೆದು ನೋಡುವ ದೊಡ್ಡ ಜಾಲತಾಣವೊಂದಿದೆ. 2024ರಲ್ಲಿ ಅದು ಮಾರಾಟಕ್ಕಿರುವ ಮನೆಗಳ ಫೋಟೊ, ಬೆಲೆ, ಕೋಣೆಗಳ ವಿವರದ ಜೊತೆಗೆ ಹೊಸದೊಂದನ್ನು ಸೇರಿಸಿತು. ಈ ಮನೆಗೆ ಪ್ರವಾಹದ ಅಪಾಯ ಎಷ್ಟು, ಕಾಳ್ಗಿಚ್ಚಿನದು ಎಷ್ಟು, ಗಾಳಿಯದು ಎಷ್ಟು ಅಂತ ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. 2025ರ ಕೊನೆಯ ಹೊತ್ತಿಗೆ ಆ ಅಂಕಗಳು ಅಲ್ಲಿಂದ ಹೋದವು. ಬೇಕಾದವರು ಬೇರೆ ಕಡೆ ನೋಡಿಕೊಳ್ಳಲಿ ಅಂತ ಒಂದು ಕೊಂಡಿ ಮಾತ್ರ ಉಳಿಯಿತು. ಮನೆ ಮಾರಿಸುವವರ ತಕರಾರು ಎರಡು. ಅಂಕ ನೋಡಿ ಗಿರಾಕಿಗಳು ಹಿಂದೆ ಸರಿಯುತ್ತಾರೆ ಅನ್ನುವುದು ಒಂದು. ಅಂಕವೇ ಸರಿ ಇಲ್ಲ ಅನ್ನುವುದು ಇನ್ನೊಂದು.

ಮೊದಲನೆಯದನ್ನು ಬಿಡಿ, ಅದು ವ್ಯಾಪಾರದ ಮಾತು. ಎರಡನೆಯದನ್ನು ಮಾತ್ರ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಒಂದೇ ಮನೆಗೆ ಒಂದು ಕಂಪನಿಯ ಲೆಕ್ಕ ಜಾಸ್ತಿ ಅಪಾಯ ತೋರಿಸುತ್ತದೆ, ಇನ್ನೊಂದು ಕಂಪನಿಯ ಲೆಕ್ಕ ಚಿಂತೆಯಿಲ್ಲ ಅನ್ನುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಈ ಲೆಕ್ಕ ಯಾರಿಗಾಗಿ ಹುಟ್ಟಿತು, ಅದರೊಳಗೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಅಂತ ನೋಡಿದರೆ ಗಂಟು ಸಡಿಲವಾಗುತ್ತದೆ.

ಮೂರು ಸೇರಿದರೆ ಅಪಾಯ

ಇಂಜಿನಿಯರ್‌ಗಳು ಅಪಾಯವನ್ನು ಮೂರು ಭಾಗ ಮಾಡಿ ನೋಡುತ್ತಾರೆ. ಒಂದು, ಪ್ರಕೃತಿಯಿಂದ ಬರುವ ಹೊಡೆತ: ನೆಲ ಎಷ್ಟು ಜೋರಾಗಿ ಅಲುಗಬಹುದು, ನೀರು ಎಷ್ಟು ಎತ್ತರಕ್ಕೆ ಬರಬಹುದು, ಎಷ್ಟು ವರ್ಷಕ್ಕೊಮ್ಮೆ. ಎರಡು, ಆ ಹೊಡೆತದ ದಾರಿಯಲ್ಲಿ ಏನಿದೆ, ಯಾರಿದ್ದಾರೆ. ಮೂರು, ಹಾಗೆ ಸಿಕ್ಕಿಕೊಂಡ ಕಟ್ಟಡ ಎಷ್ಟು ತಡೆದುಕೊಳ್ಳುತ್ತದೆ. ಈ ಮೂರನ್ನು ಗುಣಿಸಬೇಕು, ಕೂಡಿಸುವುದಲ್ಲ. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಜನವೇ ಇಲ್ಲದ ಮರಳುಗಾಡಿನಲ್ಲಿ ಎಂಥ ಭೂಕಂಪವಾದರೂ ಯಾರ ಮನೆಯೂ ಬೀಳುವುದಿಲ್ಲ.

ಇದು ಎಷ್ಟು ಮುಖ್ಯ ಅನ್ನುವುದಕ್ಕೆ 2010ರ ಎರಡು ಭೂಕಂಪಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ಸತ್ತವರ ಲೆಕ್ಕ ಇವತ್ತಿಗೂ ಒಂದೇ ಇಲ್ಲ, ಲಕ್ಷಕ್ಕೂ ಜಾಸ್ತಿ ಅನ್ನುವುದು ಹೆಚ್ಚಿನವರ ಅಂದಾಜು. ಆರು ವಾರ ಕಳೆದು, ಫೆಬ್ರವರಿ 27ರಂದು, ಚಿಲಿಯಲ್ಲಿ 8.8 ತೀವ್ರತೆಯ ಭೂಕಂಪವಾಯಿತು. ಹೊರಬಿದ್ದ ಶಕ್ತಿ ಹೈಟಿಯದಕ್ಕಿಂತ ಸುಮಾರು 500 ಪಟ್ಟು. ಸತ್ತವರು 500ರ ಆಸುಪಾಸು, ಅವರಲ್ಲೂ ಹಲವರನ್ನು ಕೊಂಡೊಯ್ದದ್ದು ಸುನಾಮಿ.

ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ, ಅದನ್ನೂ ಹೇಳಬೇಕು. ಹೈಟಿಯ ಭೂಕಂಪ ರಾಜಧಾನಿಯ ಹತ್ತಿರ, ನೆಲದಡಿಯಲ್ಲಿ ಹೆಚ್ಚು ಆಳವಿಲ್ಲದ ಕಡೆ ಆಯಿತು. ಚಿಲಿಯದು ಕಡಲ ಕಡೆಯಲ್ಲಿ. ಆದರೆ ಅಷ್ಟರಿಂದಲೇ ಇಷ್ಟು ದೊಡ್ಡ ಅಂತರ ಬರುವುದಿಲ್ಲ. ಹೈಟಿಯಲ್ಲಿ ಭೂಕಂಪಕ್ಕೆ ತಕ್ಕಂತೆ ಹೀಗೇ ಕಟ್ಟಬೇಕು ಅನ್ನುವ ನಿಯಮವೇ ಜಾರಿಯಲ್ಲಿರಲಿಲ್ಲ. ಚಿಲಿಯಲ್ಲಿ ನಿಯಮಕ್ಕೆ ದಶಕಗಳ ಇತಿಹಾಸ ಇತ್ತು. ಜೊತೆಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ 10 ವರ್ಷದವರೆಗೆ ಕಟ್ಟಿಸಿ ಮಾರಿದವರೇ ಹೊಣೆ ಅನ್ನುವ ಕಾನೂನೂ ಇತ್ತು. ನನಗೆ ಆ ಎರಡನೆಯದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ನಿಯಮದ ಪುಸ್ತಕ ಯಾವ ದೇಶದಲ್ಲೂ ಸಿಗುತ್ತದೆ. ಕಂಬಿ ಕಡಿಮೆ ಹಾಕಿದರೆ ನಾಳೆ ತನ್ನ ಮನೆ ಬಾಗಿಲಿಗೇ ಬರುತ್ತಾರೆ ಅನ್ನುವ ಭಯ ಎಲ್ಲ ಕಡೆ ಸಿಗುವುದಿಲ್ಲ.

ಎರಡನೆಯ ಭಾಗವನ್ನು, ಅಂದರೆ ದಾರಿಯಲ್ಲಿ ಯಾರಿದ್ದಾರೆ ಅನ್ನುವುದನ್ನು, ಜನ ಅಷ್ಟಾಗಿ ಗಮನಿಸುವುದಿಲ್ಲ. ನೇಪಾಳದ 2015ರ ದೊಡ್ಡ ಭೂಕಂಪ ಏಪ್ರಿಲ್ 25ರ ಮಧ್ಯಾಹ್ನ ಹನ್ನೆರಡು ಗಂಟೆಗೆ ಕೆಲವೇ ನಿಮಿಷ ಇರುವಾಗ ಆಯಿತು. ಸಾವಿರಾರು ಶಾಲಾ ಕೋಣೆಗಳು ಕುಸಿದವು. ಆದರೆ ಅವತ್ತು ಶನಿವಾರ, ನೇಪಾಳದಲ್ಲಿ ವಾರದ ರಜೆ. ಅದೇ ನೆಲ, ಅದೇ ಗೋಡೆ, ಒಂದು ದಿನ ಮೊದಲು ಅದೇ ಹೊತ್ತಿಗೆ ಆಗಿದ್ದರೆ ಲೆಕ್ಕ ಏನಾಗುತ್ತಿತ್ತು ಅಂತ ಯೋಚಿಸಲೂ ಕಷ್ಟ. 1988ರ ಡಿಸೆಂಬರ್ 7ರಂದು ಅರ್ಮೇನಿಯಾದ ಸ್ಪಿಟಾಕ್‌ನಲ್ಲಿ ಭೂಕಂಪ ಬಂದದ್ದು ಬುಧವಾರ ಬೆಳಿಗ್ಗೆ ಹನ್ನೊಂದೂ ಮುಕ್ಕಾಲರ ಹೊತ್ತಿಗೆ. ಮಕ್ಕಳು ತರಗತಿಯಲ್ಲೇ ಇದ್ದರು. ಸತ್ತ ಸುಮಾರು 25,000 ಜನರಲ್ಲಿ ಮಕ್ಕಳು ಬಹಳ.

'ನೂರು ವರ್ಷಕ್ಕೊಮ್ಮೆ' ಅನ್ನುವ ಮಾತು

ಅಪಾಯದ ಲೆಕ್ಕದಲ್ಲಿ ಜನರನ್ನು ದಾರಿ ತಪ್ಪಿಸಿದ ಮಾತು ಇದರಷ್ಟು ಇನ್ನೊಂದಿಲ್ಲ. 'ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ' ಅಂದರೆ, ಕಳೆದ ವರ್ಷ ಬಂತಲ್ಲ, ಇನ್ನು ನಮ್ಮ ಕಾಲಕ್ಕೆ ಇಲ್ಲ ಅಂದುಕೊಳ್ಳುತ್ತೇವೆ. ಅದು ಹೇಳುವುದು ಬೇರೆಯೇ. ಯಾವ ವರ್ಷ ತೆಗೆದುಕೊಂಡರೂ ಅಂಥ ಪ್ರವಾಹ ಬರುವ ಸಾಧ್ಯತೆ ನೂರರಲ್ಲಿ ಒಂದು, ಅಷ್ಟೇ. ಹೋದ ವರ್ಷ ಬಂದಿದ್ದರೂ ಈ ವರ್ಷ ಮತ್ತೆ ನೂರರಲ್ಲಿ ಒಂದೇ. ನಾಣ್ಯಕ್ಕೆ ಹಿಂದಿನ ಸಲ ಏನು ಬಿತ್ತು ಅಂತ ನೆನಪಿರುವುದಿಲ್ಲ, ನದಿಗೂ ಅಷ್ಟೆ.

ಒಂದು ಶೇಕಡಾ ಅಂದರೆ ಸಣ್ಣದು ಅನ್ನಿಸುತ್ತದೆ, ಅಲ್ವಾ? ಮನೆ ಸಾಲ ತೀರಿಸಲು 30 ವರ್ಷ ಅಂದುಕೊಳ್ಳಿ. ಆ 30 ವರ್ಷದಲ್ಲಿ ಒಂದು ಸಲವಾದರೂ ಅಂಥ ಪ್ರವಾಹ ಬರುವ ಸಾಧ್ಯತೆ ಶೇ. 26. ನಾಲ್ಕು ಮನೆಗಳಲ್ಲಿ ಒಂದಕ್ಕೆ ಅಂತ ಇಟ್ಟುಕೊಳ್ಳಿ. 70 ವರ್ಷ ಬಾಳುವ ಕಟ್ಟಡವಾದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಭೂಕಂಪದ ನಿಯಮಗಳಲ್ಲಿ ಆಗಾಗ ಬರುವ 475 ವರ್ಷ ಅನ್ನುವ ವಿಚಿತ್ರ ಸಂಖ್ಯೆಯೂ ಹೀಗೇ ಹುಟ್ಟಿದ್ದು. 50 ವರ್ಷದಲ್ಲಿ ಶೇ. 10ರ ಸಾಧ್ಯತೆ ಅನ್ನುವುದನ್ನು ತಿರುಗಿಸಿ ಬರೆದರೆ 475 ಬರುತ್ತದೆ. ಅದರ ಹಿಂದೆ ಬೇರೆ ಗುಟ್ಟೇನೂ ಇಲ್ಲ.

ಇನ್ನೂ ದೊಡ್ಡ ತೊಂದರೆ, ಆ ಒಂದು ಶೇಕಡಾ ಎಲ್ಲಿಂದ ಬಂತು ಅನ್ನುವುದು. ಹಳೆಯ ಮಳೆಯ ದಾಖಲೆಯಿಂದ. ಹೂಸ್ಟನ್ ನಗರ 2015, 2016, 2017, ಹೀಗೆ ಮೂರು ವರ್ಷ ಸಾಲಾಗಿ '500 ವರ್ಷಕ್ಕೊಮ್ಮೆ' ಅನ್ನಿಸಿಕೊಂಡ ಪ್ರವಾಹ ಕಂಡಿತು. ಮೂರನೆಯದು ಹಾರ್ವೆ ಚಂಡಮಾರುತದ್ದು. ಮೂರು ಸಲವೂ ಬರೀ ದುರದೃಷ್ಟ ಅನ್ನುವುದಕ್ಕಿಂತ ಲೆಕ್ಕವೇ ಹಳೆಯದಾಗಿತ್ತು ಅನ್ನುವುದು ಸುಲಭ. 2018ರಲ್ಲಿ ಅಮೆರಿಕದ ಹವಾಮಾನ ಸಂಸ್ಥೆ ಲೆಕ್ಕವನ್ನು ಹೊಸದಾಗಿ ಮಾಡಿತು. ಹೂಸ್ಟನ್ ಸುತ್ತ 24 ಗಂಟೆಯಲ್ಲಿ 13 ಇಂಚು ಮಳೆ ನೂರು ವರ್ಷಕ್ಕೊಮ್ಮೆ ಅಂತಿದ್ದದ್ದು 18 ಇಂಚಿಗೆ ಏರಿತು. ಹಳೆಯ ನೂರು ವರ್ಷದ ಮಳೆ ಈಗ 25 ವರ್ಷಕ್ಕೊಮ್ಮೆಯದಾಯಿತು. ಕಟ್ಟಡಗಳು ಇದ್ದ ಜಾಗದಲ್ಲೇ ಇವೆ, ಅವುಗಳ ಅಪಾಯ ಮಾತ್ರ ಕಾಗದದ ಮೇಲೆ ಒಂದೇ ದಿನದಲ್ಲಿ ಬದಲಾಯಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಹಿಂದಿನ ಐವತ್ತು ವರ್ಷದ ಮಳೆ ನೋಡಿ ಮುಂದಿನ ಐವತ್ತು ವರ್ಷಕ್ಕೆ ಚರಂಡಿ ಅಳೆಯುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿದೆ.

ಬಣ್ಣದ ನಕ್ಷೆಗಳು

ಭೂಕಂಪದ ನಕ್ಷೆಯಲ್ಲಿ ಒಂದು ಊರು ತಿಳಿ ಬಣ್ಣದಲ್ಲಿದೆ, ಇನ್ನೊಂದು ಕೆಂಪಾಗಿದೆ. ತಿಳಿ ಬಣ್ಣದಲ್ಲಿರುವವರು ನೆಮ್ಮದಿಯಾಗಿ ಮಲಗುತ್ತಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಲಿನ ಹಳ್ಳಿಗಳ ಜನ ಹಾಗೇ ಮಲಗಿದ್ದರು. ಆಗಿನ ನಕ್ಷೆಯಲ್ಲಿ ಅದು ಒಂದನೇ ವಲಯ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಭೂಕಂಪದ ತೀವ್ರತೆ 6ಕ್ಕಿಂತ ಸ್ವಲ್ಪವೇ ಜಾಸ್ತಿ. ಆದರೂ ಸಾವಿರಾರು ಜನ ಸತ್ತರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರಿ ಮಣ್ಣಿನ ಮಾಳಿಗೆ. ಅಲುಗಾಡಿದಾಗ ಗೋಡೆಯ ಕಲ್ಲುಗಳು ಬಿಡಿಬಿಡಿಯಾಗಿ ಜಾರಿದವು, ಮಾಳಿಗೆ ಪೂರ್ತಿ ಮೇಲೆ ಬಿತ್ತು. 2002ರಲ್ಲಿ ನಿಯಮ ಪರಿಷ್ಕರಿಸಿದಾಗ ಭಾರತದ ನಕ್ಷೆಯಿಂದ ಒಂದನೇ ವಲಯವನ್ನೇ ತೆಗೆದುಹಾಕಿದರು.

ನಕ್ಷೆ ಮಾಡಿದವರನ್ನು ಬೈಯುವುದು ಸುಲಭ. ಆದರೆ ಅವರ ಕೈಯಲ್ಲಿದ್ದದ್ದು ದಾಖಲಾದ ಭೂಕಂಪಗಳ ಪಟ್ಟಿ. ಸಾವಿರಾರು ವರ್ಷಕ್ಕೊಮ್ಮೆ ಅಲುಗುವ ಜಾಗದಲ್ಲಿ ಇನ್ನೂರು ವರ್ಷದ ದಾಖಲೆ ನೋಡಿದರೆ ಏನು ಸಿಗುತ್ತದೆ? ಏನೂ ಆಗಿಲ್ಲ ಅನ್ನುವುದು ಏನೂ ಆಗುವುದಿಲ್ಲ ಅನ್ನುವ ಹಾಗೆ ಕಾಣುತ್ತದೆ.

ನಕ್ಷೆಗೆ ಇನ್ನೊಂದು ಮಿತಿ ಇದೆ. ಅದು ಊರಿನ ಮಟ್ಟದ ಮಾತು. ಕಟ್ಟಡ ನಿಂತಿರುವುದು ಅದರ ಕೆಳಗಿನ ಕೆಲವೇ ಮೀಟರ್ ಮಣ್ಣಿನ ಮೇಲೆ. 1985ರ ಸೆಪ್ಟೆಂಬರ್ 19ರಂದು 8.0 ತೀವ್ರತೆಯ ಭೂಕಂಪ ಹುಟ್ಟಿದ್ದು ಮೆಕ್ಸಿಕೊದ ಪಶ್ಚಿಮ ಕರಾವಳಿಯಲ್ಲಿ. ಘೋರವಾಗಿ ಪೆಟ್ಟು ತಿಂದದ್ದು 350 ಕಿಲೋಮೀಟರ್‌ಗೂ ಜಾಸ್ತಿ ದೂರದ ಮೆಕ್ಸಿಕೊ ಸಿಟಿ. ಆ ನಗರದ ದೊಡ್ಡ ಭಾಗ ಒಣಗಿಹೋದ ಹಳೆಯ ಕೆರೆಯ ಮೇಲಿದೆ. ಕೆಳಗೆ ಮೆತ್ತನೆಯ ಜೇಡಿ. ಆ ಜೇಡಿ ಸುಮಾರು ಎರಡು ಸೆಕೆಂಡಿಗೊಮ್ಮೆ ಅತ್ತಿತ್ತ ತೂಗಿತು. ಕಟ್ಟಡಗಳಿಗೂ ಅವುಗಳದ್ದೇ ತೂಗು ಇರುತ್ತದೆ. ಅಂದಾಜಿಗೆ ಒಂದು ಮಹಡಿಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಅಂತ ಲೆಕ್ಕ ಹಾಕುತ್ತಾರೆ. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಸ್ವಲ್ಪವೇ ಬಲ ಸಾಕು, ಅದು ಮೇಲೆ ಮೇಲೆ ಏರುತ್ತದೆ. ಅಲ್ಲಿ ಆರರಿಂದ ಹದಿನೈದು ಮಹಡಿಯ ಕಟ್ಟಡಗಳಿಗೆ ಆದದ್ದು ಅದೇ. ಬಿರುಕು ಬಿಟ್ಟ ಹಾಗೆಲ್ಲ ಅವು ಇನ್ನೂ ನಿಧಾನವಾಗಿ ತೂಗತೊಡಗಿ ನೆಲದ ತಾಳಕ್ಕೆ ಮತ್ತಷ್ಟು ಹತ್ತಿರ ಬಂದವು. ಅದೇ ನಗರದಲ್ಲಿ ಒಂದೆರಡು ಮಹಡಿಯ ಎಷ್ಟೋ ಮನೆಗಳು ನಿಂತವು, 44 ಮಹಡಿಯ ಗೋಪುರವೊಂದೂ ನಿಂತಿತು.

ಹಾಗಾಗಿ 'ಈ ಬಡಾವಣೆ ಸುರಕ್ಷಿತವೇ?' ಅನ್ನುವ ಪ್ರಶ್ನೆಯೇ ಅರ್ಧಂಬರ್ಧ. ಯಾವ ಮಣ್ಣಿನ ಮೇಲೆ ಯಾವ ಕಟ್ಟಡ ಅಂತ ಕೇಳಬೇಕು.

ಸರಪಳಿಯ ತೆಳು ಕೊಂಡಿ

ಕಟ್ಟಡ ಒಂದೇ ಸಮನೆ ದುರ್ಬಲವಾಗಿರುವುದಿಲ್ಲ. ಎಲ್ಲೋ ಒಂದು ಕಡೆ ಬಿಡುತ್ತದೆ, ಅಲ್ಲಿಂದ ಉಳಿದದ್ದು ಜಾರುತ್ತದೆ. ಅನುಭವಿ ಇಂಜಿನಿಯರ್ ಹುಡುಕುವುದು ಆ ಒಂದು ಜಾಗವನ್ನು.

ಭೂಕಂಪದ ಮಟ್ಟಿಗೆ ಬಹಳ ಸಲ ಅದು ಕೆಳಮಹಡಿ. ಮೇಲಿನ ಮಹಡಿಗಳಲ್ಲಿ ಇಟ್ಟಿಗೆ ಗೋಡೆ ತುಂಬಿದೆ, ಕೆಳಗೆ ಪಾರ್ಕಿಂಗಿಗೆ ಅಂತ ಬರೀ ಪಿಲ್ಲರ್. ನೋಡಲು ಮೇಜಿನ ಮೇಲೆ ಕಬ್ಬಿಣದ ಪೆಟ್ಟಿಗೆ ಇಟ್ಟ ಹಾಗೆ. ನೆಲ ಅಲುಗಿದರೆ ಪೆಟ್ಟಿಗೆಗೆ ಏನೂ ಆಗುವುದಿಲ್ಲ, ಮೇಜಿನ ಕಾಲು ಮುರಿಯುತ್ತದೆ. 2001ರ ಜನವರಿ 26ರಂದು ಗುಜರಾತಿನ ಕಛ್‌ನಲ್ಲಿ ಭೂಕಂಪವಾದಾಗ ಇನ್ನೂರು ಕಿಲೋಮೀಟರ್‌ಗೂ ಜಾಸ್ತಿ ದೂರದ ಅಹಮದಾಬಾದಿನಲ್ಲಿ ಇಂಥ ಬಹುಮಹಡಿ ಕಟ್ಟಡಗಳು ಕುಸಿದವು. ಮಣ್ಣಿನ ಮನೆಯಲ್ಲ, ಎಲ್ಲವೂ ಕಾಂಕ್ರೀಟಿನವು, ಹೊಸ ಕಾಲದವು.

ಪಿಲ್ಲರ್ ಒಳಗೂ ಒಂದು ಸಣ್ಣ ವಿಷಯ ಇದೆ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳ ತುದಿಯನ್ನು 135 ಡಿಗ್ರಿ ಬಗ್ಗಿಸಿ ಕಾಂಕ್ರೀಟಿನ ಒಳಮೈಗೆ ನೆಡಬೇಕು. ಬರೀ 90 ಡಿಗ್ರಿ ಬಗ್ಗಿಸಿ ಬಿಟ್ಟರೆ, ಜೋರಾಗಿ ಅಲುಗಿ ಹೊರಗಿನ ಕಾಂಕ್ರೀಟ್ ಉದುರಿದ ಕೂಡಲೇ ರಿಂಗ್ ಬಿಚ್ಚಿಕೊಳ್ಳುತ್ತದೆ. ರಿಂಗ್ ಬಿಚ್ಚಿದರೆ ಕಂಬಿ ಬಾಗುತ್ತದೆ, ಕಂಬಿ ಬಾಗಿದರೆ ಪಿಲ್ಲರ್ ಇಲ್ಲ. ಕಂಬಿ ಕಟ್ಟುವವರಿಗೆ ಒಂದೊಂದು ರಿಂಗಿಗೂ ಇದು ಕೆಲವು ಸೆಕೆಂಡಿನ ಹೆಚ್ಚಿನ ಕೆಲಸ. ಯಾವ ಉಪಗ್ರಹದ ಚಿತ್ರವೂ, ಯಾವ ಹತ್ತರ ಅಂಕವೂ ಇದನ್ನು ನೋಡಲಾರದು.

ಗಾಳಿಯ ಕಥೆ ಬೇರೆ, ಅಲ್ಲಿ ಶತ್ರು ಒತ್ತಡಕ್ಕಿಂತ ಎಳೆತ. ಛಾವಣಿಯ ಮೇಲೆ ಹಾದುಹೋಗುವ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಗಂಟೆಗೆ 100 ಕಿಲೋಮೀಟರ್ ಇದ್ದದ್ದು 140 ಆದರೆ ಬಲ ಎರಡು ಪಟ್ಟಾಗುತ್ತದೆ. ಒಂದು ಕಿಟಕಿ ಅಥವಾ ದೊಡ್ಡ ಬಾಗಿಲು ಒಡೆಯಿತೋ, ಗಾಳಿ ಒಳಗೆ ನುಗ್ಗಿ ಒಳಗಿನಿಂದಲೂ ದಬ್ಬುತ್ತದೆ. ಆಗ ಛಾವಣಿಯನ್ನು ಮರದ ತೊಲೆಗೆ, ತೊಲೆಯನ್ನು ಗೋಡೆಗೆ, ಗೋಡೆಯನ್ನು ಅಡಿಪಾಯಕ್ಕೆ ಹಿಡಿದಿರುವ ಮೊಳೆ, ಬೋಲ್ಟುಗಳೇ ಎಲ್ಲ. 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲೋರಿಡಾದ ಮನೆಗಳ ಛಾವಣಿ ಕಿತ್ತುಕೊಂಡು ಹೋದ ಮೇಲೆ ನೋಡಿದರೆ, ಎಷ್ಟೋ ಕಡೆ ಮೊಳೆಗಳು ತೊಲೆಗೇ ತಾಗಿರಲಿಲ್ಲ. ಪಕ್ಕದ ಖಾಲಿ ಜಾಗಕ್ಕೆ ಹೊಡೆದಿದ್ದರು.

ಪ್ರವಾಹದಲ್ಲಿ ಬಹುಪಾಲು ಪ್ರಶ್ನೆ ಒಂದೇ: ಮನೆಯ ನೆಲ ಎಷ್ಟು ಎತ್ತರದಲ್ಲಿದೆ? ನಿಂತ ನೀರಿನ ಬಲ ಮಾತ್ರ ಜನ ಅಂದುಕೊಂಡದ್ದಕ್ಕಿಂತ ಜಾಸ್ತಿ. ಗೋಡೆಗೆ ಒಂದು ಮೀಟರ್ ನೀರು ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ಅರ್ಧ ಟನ್ ತಳ್ಳುತ್ತದೆ. ಎರಡು ಮೀಟರ್ ಆದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದಕ್ಕೇ ಒಂದು ಮಟ್ಟ ಮೀರಿದ ಮೇಲೆ ಮರಳಿನ ಮೂಟೆ ಇಟ್ಟು ತಡೆಯುವುದಕ್ಕಿಂತ ನೀರನ್ನು ಒಳಗೆ ಬಿಡುವುದೇ ವಾಸಿ ಅನ್ನುತ್ತಾರೆ. ಸಾಮಾನು ನೆನೆಯುತ್ತದೆ, ಗೋಡೆ ಉಳಿಯುತ್ತದೆ.

ಕಾಳ್ಗಿಚ್ಚಿನದು ಎಲ್ಲಕ್ಕಿಂತ ವಿಚಿತ್ರ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಸುಟ್ಟಾಗ 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡ ಬೂದಿಯಾದವು. ಆಮೇಲಿನ ಚಿತ್ರಗಳಲ್ಲಿ ಬೂದಿಯಾದ ಮನೆಯ ಪಕ್ಕದಲ್ಲೇ ಹಸಿರು ಮರ ನಿಂತಿರುವುದು ಕಾಣುತ್ತದೆ. ಅಂದರೆ ಬೆಂಕಿಯ ಗೋಡೆ ಬಂದು ಮನೆ ನುಂಗಿದ್ದಲ್ಲ. ಗಾಳಿಯಲ್ಲಿ ಹಾರಿ ಬಂದ ಕೆಂಡದ ಚೂರುಗಳು ಛಾವಣಿಯ ಸಂದಿಯಲ್ಲಿ, ಗಾಳಿಕಿಂಡಿಯಲ್ಲಿ, ಗೋಡೆಗೆ ತಾಗಿದ ಒಣ ಎಲೆಯಲ್ಲಿ ಕೂತು ಮನೆಯನ್ನು ಒಳಗಿನಿಂದ ಹೊತ್ತಿಸಿದವು. ಆಮೇಲೆ ಒಂದು ಮನೆ ಪಕ್ಕದ ಮನೆಯನ್ನು ಹೊತ್ತಿಸಿತು. ಗೋಡೆಯ ಸುತ್ತಲಿನ ಮೊದಲ ಒಂದೂವರೆ ಮೀಟರ್ ಜಾಗದಲ್ಲಿ ಉರಿಯುವಂಥದ್ದು ಏನೂ ಇರಬಾರದು ಅನ್ನುವ ಸಲಹೆ ಬಂದದ್ದು ಈ ತಿಳಿವಳಿಕೆಯಿಂದ.

ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದಾಗುವುದೂ ಉಂಟು. ಜಪಾನಿನ ಹಳೆಯ ಮನೆಗಳ ಭಾರಿ ಹೆಂಚಿನ ಛಾವಣಿ ಬಿರುಗಾಳಿಗೆ ಜಗ್ಗದೆ ಕೂರುತ್ತಿತ್ತು. 1995ರ ಜನವರಿ 17ರಂದು ಕೋಬೆ ನಗರದಲ್ಲಿ ಭೂಕಂಪವಾದಾಗ ಅದೇ ಭಾರ ಕೆಳಗಿನ ಮರದ ಗೋಡೆಗಳನ್ನು ಮುರಿದು ಜನರ ಮೇಲೆ ಬಿತ್ತು. ಪ್ರವಾಹಕ್ಕೆ ಹೆದರಿ ಮನೆಯನ್ನು ಕಂಬಗಳ ಮೇಲೆ ಎತ್ತಿದರೆ ಆಗಲೇ ಹೇಳಿದ ಮೇಜಿನ ಕಾಲಿನ ತೊಂದರೆ ಹಿಂದೆಯೇ ಬರುತ್ತದೆ. ಒಂದೇ ಅಪಾಯ ನೋಡಿ ಕೊಡುವ ವರದಿಯ ಬಗ್ಗೆ ನನಗೆ ಯಾವಾಗಲೂ ಅನುಮಾನ ಇರುವುದು ಇದಕ್ಕೇ.

ಅರ್ಧ ಗಂಟೆಯ ನೋಟ

ಊರಿನಲ್ಲಿ ಲಕ್ಷ ಕಟ್ಟಡ ಇದ್ದರೆ ಎಲ್ಲದರ ಕಾಂಕ್ರೀಟ್ ಕೊರೆದು ನೋಡಲಾಗುವುದಿಲ್ಲ. ಅದಕ್ಕೆ ಒಂದು ಸುಲಭ ದಾರಿ ಇದೆ. ತರಬೇತಿ ಪಡೆದವರು ಬೀದಿಯಲ್ಲಿ ನಿಂತು, ಕಟ್ಟಡವನ್ನು ಸುತ್ತಿ, ಅರ್ಧ ಗಂಟೆಯಲ್ಲಿ ಒಂದು ಹಾಳೆ ತುಂಬುತ್ತಾರೆ. ಯಾವ ವಸ್ತುವಿನದು, ಎಷ್ಟು ಮಹಡಿ, ಯಾವ ಕಾಲದಲ್ಲಿ ಕಟ್ಟಿದ್ದು, ಆಕಾರ ಸೊಟ್ಟ ಇದೆಯಾ, ಕೆಳಮಹಡಿ ಖಾಲಿಯಾ, ಮಣ್ಣು ಎಂಥದ್ದು. ಅಮೆರಿಕದಲ್ಲಿ 1988ರಿಂದ ಇದಕ್ಕೊಂದು ಕೈಪಿಡಿ ಇದೆ. ಅದರ ಅಂಕ ಹೇಗೆ ಓದಬೇಕು ಅನ್ನುವುದು ಸ್ವಾರಸ್ಯ. ಅಂಕ 1 ಅಂದರೆ ಆ ಜಾಗದಲ್ಲಿ ಲೆಕ್ಕಕ್ಕೆ ಹಿಡಿದ ದೊಡ್ಡ ಭೂಕಂಪವಾದರೆ ಇಂಥ ಕಟ್ಟಡ ಕುಸಿಯುವ ಸಾಧ್ಯತೆ ಹತ್ತರಲ್ಲಿ ಒಂದು. 2 ಅಂದರೆ ನೂರರಲ್ಲಿ ಒಂದು. 3 ಅಂದರೆ ಸಾವಿರದಲ್ಲಿ ಒಂದು. ಸಾಮಾನ್ಯವಾಗಿ 2ಕ್ಕಿಂತ ಕೆಳಗೆ ಬಂದವನ್ನು ಬದಿಗಿಟ್ಟು, ಅವನ್ನು ಮಾತ್ರ ಸರಿಯಾಗಿ ಪರೀಕ್ಷೆ ಮಾಡಿಸುತ್ತಾರೆ.

ಇದು ಜರಡಿ, ತೀರ್ಪಲ್ಲ. ಜ್ವರ ನೋಡಿ ರಕ್ತ ಪರೀಕ್ಷೆಗೆ ಕಳಿಸುವ ಹಾಗೆ. ಕಷ್ಟ ಏನೆಂದರೆ, ಜರಡಿಯ ಫಲಿತಾಂಶವನ್ನೇ ಜನ ತೀರ್ಪು ಅಂತ ಓದುತ್ತಾರೆ.

ಕ್ರೈಸ್ಟ್‌ಚರ್ಚ್‌ನಲ್ಲಿ ಇದರ ಬೆಲೆ ಗೊತ್ತಾಯಿತು. 2010ರ ಸೆಪ್ಟೆಂಬರ್ 4ರಂದು ನ್ಯೂಜಿಲೆಂಡಿನ ಆ ನಗರದ ಹತ್ತಿರ 7.1 ತೀವ್ರತೆಯ ಭೂಕಂಪವಾಯಿತು, ನಸುಕಿನಲ್ಲಿ. ಕುಸಿತಕ್ಕೆ ಸಿಕ್ಕಿ ಯಾರೂ ಸಾಯಲಿಲ್ಲ. ಕಟ್ಟಡಗಳನ್ನು ಸುತ್ತಿ ನೋಡಿ ಕೆಂಪು, ಹಳದಿ, ಹಸಿರು ಚೀಟಿ ಅಂಟಿಸಿದರು. ಸಿಟಿವಿ ಅನ್ನುವ ಆರು ಮಹಡಿಯ ಕಟ್ಟಡಕ್ಕೆ ಹಸಿರು ಚೀಟಿ ಸಿಕ್ಕಿತು. 2011ರ ಫೆಬ್ರವರಿ 22ರ ಮಧ್ಯಾಹ್ನ ಸಣ್ಣದಾದರೂ ಹತ್ತಿರದ ಇನ್ನೊಂದು ಭೂಕಂಪ ಬಂತು. ಅವತ್ತು ಸತ್ತ 185 ಜನರಲ್ಲಿ 115 ಜನ ಆ ಒಂದೇ ಕಟ್ಟಡದಲ್ಲಿದ್ದವರು. ಅದರ ವಿನ್ಯಾಸವೇ 1980ರ ದಶಕದ ಆಗಿನ ನಿಯಮಕ್ಕೆ ಸರಿಹೊಂದಿರಲಿಲ್ಲ ಅಂತ ವಿಚಾರಣಾ ಆಯೋಗ ಹೇಳಿತು.

ಹಸಿರು ಚೀಟಿ ಸುಳ್ಳು ಹೇಳಿರಲಿಲ್ಲ. ಮೊದಲ ಭೂಕಂಪದಿಂದ ಎದ್ದು ಕಾಣುವ ಹೊಸ ಪೆಟ್ಟು ಬಿದ್ದಿಲ್ಲ ಅನ್ನುವುದಷ್ಟೇ ಅದರ ಮಾತು. ಮೊದಲಿನಿಂದಲೂ ಕಟ್ಟಡ ಎಷ್ಟು ದುರ್ಬಲವಾಗಿತ್ತು ಅಂತ ಅದು ಕೇಳಿರಲೇ ಇಲ್ಲ. ಒಳಗೆ ಕೆಲಸ ಮಾಡುವವರು ಆ ಹಸಿರನ್ನು 'ಗಟ್ಟಿಯಾಗಿದೆ' ಅಂತ ಓದಿಕೊಂಡರೆ ಅದು ಅವರ ತಪ್ಪೂ ಅಲ್ಲ. ಮುಂದೆ ನ್ಯೂಜಿಲೆಂಡ್ ತನ್ನ ಕಾನೂನನ್ನು ಬಿಗಿ ಮಾಡಿತು. ಹೊಸ ಕಟ್ಟಡಕ್ಕೆ ಬೇಕಾದ ಬಲದಲ್ಲಿ ಶೇ. 34ಕ್ಕಿಂತ ಕಡಿಮೆ ಇರುವುದನ್ನು ಅಪಾಯದ ಕಟ್ಟಡ ಅಂತ ಗುರುತಿಸಿ, ಬಾಗಿಲಲ್ಲೇ ನೋಟಿಸು ಹಚ್ಚಬೇಕು ಅಂತ ಆಯಿತು.

ಕಾಗದದ ಮೇಲಿನ ಸುರಕ್ಷತೆಗೆ ಇನ್ನೊಂದು ಮುಖವೂ ಇದೆ. ಟರ್ಕಿಯಲ್ಲಿ 2018ರಲ್ಲಿ ದುಡ್ಡು ಕಟ್ಟಿದರೆ ನಿಯಮ ಮೀರಿ ಕಟ್ಟಿದ್ದನ್ನೂ ನೋಂದಾಯಿಸಿಕೊಳ್ಳುವ ಯೋಜನೆ ಬಂತು. ಅಕ್ರಮ ಸಕ್ರಮವಾಯಿತು, ಪಿಲ್ಲರ್ ಇದ್ದ ಹಾಗೇ ಇತ್ತು. 2023ರ ಫೆಬ್ರವರಿ 6ರಂದು ಒಂದೇ ದಿನ 7.8 ಮತ್ತು 7.5 ತೀವ್ರತೆಯ ಎರಡು ಭೂಕಂಪಗಳಾಗಿ ಆ ದೇಶದಲ್ಲಿ 50,000ಕ್ಕೂ ಹೆಚ್ಚು ಜನ ಸತ್ತರು. ಎಷ್ಟು ಸಾವು ಆ ಯೋಜನೆಯ ಲೆಕ್ಕಕ್ಕೆ ಸೇರುತ್ತದೆ ಅಂತ ಬಿಡಿಸಿ ಹೇಳುವುದು ಕಷ್ಟ. ಆದರೆ ಕಟ್ಟಡದ ಬಲ ಕಚೇರಿಯ ಮುದ್ರೆಯಿಂದ ಹೆಚ್ಚುವುದಿಲ್ಲ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಲಕ್ಷ ಮನೆಯ ಲೆಕ್ಕ, ಒಂದು ಮನೆಯ ಅಂಕ

ಈಗ ಆ ಹತ್ತರ ಅಂಕಕ್ಕೆ ಮರಳೋಣ. ಆಂಡ್ರ್ಯೂ ಚಂಡಮಾರುತದ ಮುಂಚೆ ವಿಮಾ ಕಂಪನಿಗಳು ಹಿಂದಿನ ವರ್ಷಗಳ ಪರಿಹಾರದ ಲೆಕ್ಕ ನೋಡಿ ಮುಂದಿನದನ್ನು ಅಂದಾಜು ಮಾಡುತ್ತಿದ್ದವು. ಆಂಡ್ರ್ಯೂ ಬಂದು ಹೋದ ಮೇಲೆ ಹಲವು ಕಂಪನಿಗಳು ದಿವಾಳಿಯಾದವು. ಅಲ್ಲಿಯವರೆಗೆ ಯಾರೂ ಅಷ್ಟಾಗಿ ಕೇಳದಿದ್ದ ಕಂಪ್ಯೂಟರ್ ಮಾದರಿಗಳಿಗೆ ಆಮೇಲೆ ಬೇಡಿಕೆ ಬಂತು. ಅವು ಸಾವಿರಾರು ಕಾಲ್ಪನಿಕ ಚಂಡಮಾರುತಗಳನ್ನು, ಭೂಕಂಪಗಳನ್ನು ಹುಟ್ಟಿಸಿ, ಒಂದೊಂದನ್ನೂ ಕಂಪನಿಯ ಲಕ್ಷಾಂತರ ಮನೆಗಳ ಮೇಲೆ ಹಾಯಿಸಿ, ಎಷ್ಟು ನಷ್ಟ ಅಂತ ಲೆಕ್ಕ ಹಾಕುತ್ತವೆ. ಮನೆಯ ಬಗ್ಗೆ ಅವುಗಳಿಗೆ ಗೊತ್ತಿರುವುದು ಸ್ವಲ್ಪ: ಎಲ್ಲಿದೆ, ಯಾವ ವಸ್ತು, ಯಾವ ವರ್ಷ, ಎಷ್ಟು ಮಹಡಿ. ಉಳಿದದ್ದನ್ನು 'ಇಂಥ ಮನೆಗಳು ಇಷ್ಟು ಗಾಳಿಗೆ ನೂರರಲ್ಲಿ ಇಷ್ಟು ಹಾಳಾಗುತ್ತವೆ' ಅನ್ನುವ ಸರಾಸರಿಯಿಂದ ತುಂಬಿಕೊಳ್ಳುತ್ತವೆ.

ಲಕ್ಷ ಮನೆಗಳಿದ್ದಾಗ ಇದು ನಡೆಯುತ್ತದೆ. ಒಂದು ಮನೆಯ ಮೊಳೆ ತೊಲೆಗೆ ತಾಗಿಲ್ಲ, ಇನ್ನೊಂದರದ್ದು ಬೇಕಾದ್ದಕ್ಕಿಂತ ಗಟ್ಟಿ. ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಒಟ್ಟು ಮೊತ್ತ ಸರಿಯ ಹತ್ತಿರ ಬರುತ್ತದೆ. ಎಲ್ಲ ಮನೆಗೂ ಒಂದೇ ಕಡೆ ವಾಲುವ ತಪ್ಪಿದ್ದರೆ, ಹೂಸ್ಟನ್ನಿನ ಹಳೆಯ ಮಳೆ ಲೆಕ್ಕದ ಹಾಗೆ, ಆಗ ಮೊತ್ತವೂ ಕೆಡುತ್ತದೆ. ಆದರೆ ಬಿಡಿ ಮನೆಗೆ ಬಂದರೆ ಸಣ್ಣ ತಪ್ಪನ್ನೂ ಹೊಡೆದುಹಾಕಲು ಪಕ್ಕದಲ್ಲಿ ಯಾರೂ ಇಲ್ಲ. ನಿಮ್ಮ ಹೊಸಿಲು ಬೀದಿಗಿಂತ ಎರಡು ಅಡಿ ಮೇಲಿದೆಯೋ ಒಂದು ಅಡಿ ಕೆಳಗಿದೆಯೋ ಅನ್ನುವುದು ಮಾದರಿಗೆ ಗೊತ್ತಿಲ್ಲದಿರಬಹುದು. ಪ್ರವಾಹಕ್ಕೆ ಅದೇ ಎಲ್ಲ.

ಹಾಗಾದರೆ ಅಂಕ ತೆಗೆದದ್ದು ಸರಿಯೇ? ನನಗೆ ಹಾಗನ್ನಿಸುವುದಿಲ್ಲ. ಮನೆ ಮಾರಿಸುವವರ ಎರಡನೇ ತಕರಾರು ನಿಜವಾದರೂ ಅವರು ಕೊಟ್ಟ ಮದ್ದು ತಪ್ಪು. ಜಾಲತಾಣದಲ್ಲಿ ಅಂಕ ಕಾಣದಿದ್ದರೂ ವಿಮಾ ಕಂಪನಿಗಳು ಇಂಥದೇ ಮಾದರಿಗಳನ್ನು ನೋಡಿ ಕಂತು ನಿಗದಿ ಮಾಡುತ್ತವೆ. ನೋಡಲಾಗದವನು ಕೊಳ್ಳುವವನೊಬ್ಬನೇ. ಅಂಕದ ಪಕ್ಕದಲ್ಲಿ ಅದು ಎಷ್ಟು ಹಿಂದೆಮುಂದೆ ಆಗಬಹುದು, ಮನೆಯ ಬಗ್ಗೆ ಏನೇನು ಗೊತ್ತಿಲ್ಲದೆ ಹಾಕಿದ್ದು ಅಂತ ಬರೆದಿದ್ದರೆ ಸಾಕಿತ್ತು. 'ಹತ್ತರಲ್ಲಿ 7' ಅನ್ನುವ ಬದಲು '4ರಿಂದ 9ರ ನಡುವೆ, ನೆಲದ ಎತ್ತರ ಅಳೆದರೆ ಇನ್ನೂ ಸರಿಯಾಗಿ ಹೇಳಬಹುದು' ಅಂದರೆ ಓದುವವನಿಗೆ ಮುಂದಿನ ಕೆಲಸ ಏನು ಅಂತಲಾದರೂ ಗೊತ್ತಾಗುತ್ತದೆ.

ಏನು ಕೇಳಬೇಕು

ಮನೆಯನ್ನು ಪರೀಕ್ಷೆ ಮಾಡಿಸುವವರು ಇಂಜಿನಿಯರ್ ಹತ್ತಿರ 'ಗಟ್ಟಿ ಇದೆಯಾ?' ಅಂತ ಕೇಳುತ್ತಾರೆ. ಅದಕ್ಕೆ ಹೌದು ಅನ್ನುವ ಉತ್ತರ ತುಂಬಾ ಅಗ್ಗ. 'ಮೊದಲು ಬಿಡುವುದು ಯಾವುದು, ಎಷ್ಟು ಹೊಡೆತಕ್ಕೆ?' ಅಂತ ಕೇಳಿದರೆ ಅವರು ನಿಂತು ಯೋಚಿಸಬೇಕಾಗುತ್ತದೆ. ಸಾಯಿಲ್ ಟೆಸ್ಟ್ ಆಗಿದೆಯಾ, ಆಗಿದ್ದರೆ ವರದಿ ಎಲ್ಲಿದೆ? ಪ್ಲ್ಯಾನಿನಲ್ಲಿರುವುದಕ್ಕೂ ಈಗ ನಿಂತಿರುವುದಕ್ಕೂ ಏನು ವ್ಯತ್ಯಾಸ? ಆಮೇಲೆ ಏರಿಸಿದ ಮಹಡಿ, ಒಡೆದ ಗೋಡೆ, ತಾರಸಿಗೆ ಇಟ್ಟ ದೊಡ್ಡ ನೀರಿನ ಟ್ಯಾಂಕು, ಇವು ಯಾವುದೂ ಹಳೆಯ ಲೆಕ್ಕದಲ್ಲಿ ಇರುವುದಿಲ್ಲ. ಗುಡ್ಡ ಕಡಿದು ಮಾಡಿದ ಜಾಗವಾದರೆ ಮಳೆ ನೀರು ಎಲ್ಲಿ ಇಳಿಯುತ್ತದೆ ಅನ್ನುವುದು ಮನೆಯಷ್ಟೇ ಮುಖ್ಯ.

ಇನ್ನೊಂದನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ನಿಯಮದ ಪ್ರಕಾರ ಕಟ್ಟಿದ್ದು ಅಂದರೆ ದೊಡ್ಡ ಭೂಕಂಪಕ್ಕೂ ಏನೂ ಆಗುವುದಿಲ್ಲ ಅಂತಲ್ಲ. ಸಾಮಾನ್ಯ ಕಟ್ಟಡಕ್ಕೆ ನಿಯಮ ಬಯಸುವುದು ಅದು ಕುಸಿಯಬಾರದು, ಒಳಗಿದ್ದವರು ಜೀವಂತ ಹೊರಗೆ ಬರಬೇಕು ಅನ್ನುವುದಷ್ಟೇ. ಆಮೇಲೆ ಅದನ್ನು ಕೆಡವಬೇಕಾಗಿ ಬಂದರೂ ನಿಯಮದ ದೃಷ್ಟಿಯಲ್ಲಿ ಅದು ಗೆದ್ದ ಹಾಗೆ. ಕ್ರೈಸ್ಟ್‌ಚರ್ಚ್‌ನ ನಡುಭಾಗದಲ್ಲಿ ಹಾಗೆ ನಿಂತು ಜನರನ್ನು ಉಳಿಸಿದ ಎಷ್ಟೋ ಕಟ್ಟಡಗಳನ್ನು ಕೊನೆಗೆ ಕೆಡವಿದರು. ಮಾಲೀಕರಿಗೆ ಅದು ಗೆಲುವು ಅನ್ನಿಸಿರಲಿಕ್ಕಿಲ್ಲ.

ಕೆಲವು ರಿಪೇರಿ ದುಬಾರಿ, ಕೆಳಮಹಡಿಯ ಖಾಲಿ ಪಿಲ್ಲರ್‌ಗಳ ನಡುವೆ ಕಾಂಕ್ರೀಟ್ ಗೋಡೆ ಎಬ್ಬಿಸುವ ಹಾಗೆ. ಕೆಲವಕ್ಕೆ ಒಂದು ಭಾನುವಾರ ಸಾಕು. ಎತ್ತರದ ಬೀರುವನ್ನು ಗೋಡೆಗೆ ಸ್ಕ್ರೂ ಹಾಕಿ ಕಟ್ಟುವುದು, ಗ್ಯಾಸ್ ಸಿಲಿಂಡರ್ ಉರುಳದ ಹಾಗೆ ಪಟ್ಟಿ ಬಿಗಿಯುವುದು, ಛಾವಣಿಯ ದೋಣಿಯಲ್ಲಿ ತುಂಬಿದ ಒಣ ಎಲೆ ತೆಗೆಯುವುದು, ಸಡಿಲವಾದ ಪ್ಯಾರಾಪೆಟ್ ಗೋಡೆಯ ಕೆಳಗೆ ಕೂರುವ ಜಾಗ ಇದ್ದರೆ ಅದನ್ನು ಬೇರೆ ಕಡೆಗೆ ಸಾಗಿಸುವುದು. ಕರೆಂಟಿನ ಮೀಟರ್ ಬೋರ್ಡನ್ನು ಎರಡು ಅಡಿ ಮೇಲಕ್ಕೆ ಏರಿಸುವುದಕ್ಕೆ ಮಾತ್ರ ಎಲೆಕ್ಟ್ರಿಷಿಯನ್ ಬೇಕು, ಜೊತೆಗೆ ವಿದ್ಯುತ್ ಕಂಪನಿಯ ಒಪ್ಪಿಗೆಯೂ ಬೇಕು.